ಅಕಸ್ಮಾತ್ ಸರ್

ಹಳೆಯ ವಿದ್ಯಾರ್ಥಿನಿ ಸ್ಮಿತಾ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿದ್ದೆ. “ಮ್ಯಾಮ್, ಡ್ರಾಯಿಂಗ್ ಸರ್ ಹೋಗ್ಬಿಟ್ರು. ಇವತ್ತು ಬೆಳಿಗ್ಗೆ, ನಿದ್ದೇಲೇ ಅಂತೆ,” ಎಂದಳು. ನಿದ್ದೆಯಲ್ಲಿ ಹೋದರಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಎಚ್ಚರವಿದ್ದಿದ್ದರೆ ಯಮನನ್ನೂ ಬಾಗಿಲಲ್ಲೇ ನಿಲ್ಲಿಸಿ, “ಅಕಸ್ಮಾತ್ ನೀವು ಬೇರೆ ಮನೆಗೆ ಬರಬೇಕಾಗಿದ್ರೆ?” ಎಂದು ಕೇಳುತ್ತಿದ್ದರು. ಹಾಗೆ ಯೋಚಿಸಿ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕೂತೆ. ಸ್ಮಿತಾ ಆ ಕಡೆ ಮೂಗೆಳೆದುಕೊಳ್ಳುತ್ತ, “ಸರ್‌ಗೆ ಒಂದು ಮಾತು ಹೇಳೋದಿತ್ತು ಮ್ಯಾಮ್. ಇಷ್ಟು ವರ್ಷ ಆಯ್ತು, ಹೇಳ್ಲೇ ಇಲ್ಲ,” ಎಂದಳು. ಆ ಮಾತನ್ನು ನನಗೆ ಹೇಳಿದಳು. ನಾನು ಅದನ್ನು ಕೊನೆಗೆ ಹೇಳುತ್ತೇನೆ. ಅವರು ಎಂಥ ಮನುಷ್ಯ ಎಂದು ಗೊತ್ತಿಲ್ಲದವರಿಗೆ ಅದನ್ನು ಮೊದಲೇ ಹೇಳಿ ಪ್ರಯೋಜನವಿಲ್ಲ.

ದಿಲ್ಲಿಯ ಜನಕಪುರಿಯ ಶಾಲೆಯೊಂದರಲ್ಲಿ ನಾನು ಬಯಾಲಜಿ ಕಲಿಸುತ್ತಿದ್ದೆ, ಅವರು ಡ್ರಾಯಿಂಗ್. ಸ್ಟಾಫ್ ರೂಮಿನಲ್ಲಿ ಕನ್ನಡದವರು ನಾವಿಬ್ಬರೇ. ನಾನು ಯಜಮಾನರ ಸರ್ಕಾರಿ ನೌಕರಿಯ ಹಿಂದೆ ದಿಲ್ಲಿಗೆ ಬಂದವಳು. ಅವರು ಹಾಸನದಿಂದ ಚಿತ್ರಕಲೆ ಕಲಿಯಲೆಂದು ಬಂದು ಇಲ್ಲೇ ಉಳಿದುಕೊಂಡವರು. ಅಷ್ಟು ವರ್ಷ ಇದ್ದರೂ ಅವರಿಗೆ ದಿಲ್ಲಿಯ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಹಾಗೆ ನೋಡಿದರೆ ಯಾವುದರ ಮೇಲೂ ಹುಟ್ಟಿರಲಿಲ್ಲ. ಸ್ಕೂಟರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿದರೂ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಮೇ ತಿಂಗಳ ಬಿಸಿಲಲ್ಲಿ ಮಳೆಗೆಂದು ಕೊಡೆ ತರುತ್ತಿದ್ದರು. ಪಿಕ್‌ನಿಕ್‌ಗೆ ಬಸ್ ಹೊರಡುವ ಮುಂಚೆ ಡ್ರೈವರನ ಕಿಟಕಿಯ ಹತ್ತಿರ ಹೋಗಿ, “ಭಯ್ಯಾ, ರಾತ್ರಿ ನೀಂದ್ ಠೀಕ್ ಆಯೀ?” ಎಂದು ಅವನ ನಿದ್ದೆಯ ಬಗ್ಗೆ ವಿಚಾರಿಸುತ್ತಿದ್ದರು. ಒಮ್ಮೆ ಒಬ್ಬ ಡ್ರೈವರ್ ತಮಾಷೆಗೆ ಇಲ್ಲ ಎಂದ. ಅವನಿಗೆ ಚಹಾ ಕುಡಿಸಿ, ಮುಖ ತೊಳೆಸಿ, ಕುತುಬ್ ಮಿನಾರ್ ತಲುಪುವವರೆಗೂ ಅವನ ಪಕ್ಕದಲ್ಲೇ ನಿಂತು ಊರಿನ ಕಥೆ ಹೇಳಿದರು.

ಬಾಯಿ ತೆರೆದರೆ ಮೊದಲ ಪದ ‘ಅಕಸ್ಮಾತ್’. “ಅಕಸ್ಮಾತ್ ಪ್ರಿನ್ಸಿಪಾಲ್ ಬಂದ್ರೆ?” “ಅಕಸ್ಮಾತ್ ಬಣ್ಣ ಒಣಗದೇ ಹೋದ್ರೆ?” ಆ ಪದ ಹಿಂದಿಯಲ್ಲೂ ಇರುವುದರಿಂದ ಸ್ಟಾಫ್ ರೂಮಿನ ಪಂಜಾಬಿಗಳು, ಬಂಗಾಳಿಗಳು ಎಲ್ಲರಿಗೂ ಅದು ಸಲೀಸಾಗಿ ಸಿಕ್ಕಿತು. ‘ಅಕಸ್ಮಾತ್ ಸರ್’ ಎಂದೇ ಕರೆಯತೊಡಗಿದರು. ಅವರಿಗೆ ಬೇಜಾರಿರಲಿಲ್ಲ. ಅವರ ಹೆಂಡತಿ ನನ್ನ ಹತ್ತಿರ ಹೇಳುತ್ತಿದ್ದರು, “ಇವರು ಹಾಲು ಉಕ್ಕೋಕೆ ಮುಂಚೆ ಒಂದು ಸಲ ಹೆದರ್ತಾರೆ, ಉಕ್ಕಿದ ಮೇಲೆ ಒಂದು ಸಲ ಹೆದರ್ತಾರೆ. ಒಲೆ ಆರ್ಸೋದು ಮಾತ್ರ ನಾನೇ.”

ಹೆದರಿಕೆಯಾದಾಗ ಅವರು ಬಲಗಿವಿಯ ತುದಿಯನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಉಜ್ಜುತ್ತಿದ್ದರು. ಬೆರಳಲ್ಲಿ ಯಾವಾಗಲೂ ಚಾರ್ಕೋಲಿನ ಮಸಿ. ಹಾಗಾಗಿ ಸಂಜೆಯ ಹೊತ್ತಿಗೆ ಆ ಒಂದು ಕಿವಿ ಕರ್ರಗಾಗಿರುತ್ತಿತ್ತು. ಕಿವಿ ನೋಡಿಯೇ ನಾವು ಆ ದಿನ ಹೇಗೆ ಹೋಯಿತೆಂದು ತಿಳಿದುಕೊಳ್ಳುತ್ತಿದ್ದೆವು. ಇನ್ಸ್‌ಪೆಕ್ಷನ್ ಇದ್ದ ದಿನ ಮಸಿ ಕುತ್ತಿಗೆಯ ತನಕ ಇಳಿದಿರುತ್ತಿತ್ತು.

ಇಂಥ ಪುಕ್ಕಲು ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವರ ಕ್ಲಾಸಿನಲ್ಲಿ ಮಕ್ಕಳು ಫೋಟೋ ನೋಡಿ ಮನುಷ್ಯರ ಚಿತ್ರ ಬರೆಯುವ ಹಾಗಿಲ್ಲ. ಎದುರಿಗೆ ಜೀವಂತ ಮನುಷ್ಯ ಕೂತಿರಬೇಕು. ಬರೆದಾದ ಮೇಲೆ ಆ ಚಿತ್ರವನ್ನು ಕೂತವರಿಗೆ ತೋರಿಸಿ, “ಇದು ನೀವೇನಾ?” ಎಂದು ಕೇಳಬೇಕು. ಅವರು ಹೌದು ಎಂದರೆ ಮಾತ್ರ ಕೆಳಗೆ ಬರೆದವರ ಸಹಿ. ಇಲ್ಲ ಎಂದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಸಹಿಯಿಲ್ಲ, ಗೋಡೆಗೂ ಇಲ್ಲ. ನಮ್ಮ ಜವಾನ ತನ್ನ ಮೀಸೆ ಹಾಗಿಲ್ಲ ಎಂದು ಹಟ ಹಿಡಿದು ಎಂಟನೇ ಕ್ಲಾಸಿನ ಮಕ್ಕಳಿಂದ ಮತ್ತೆ ಮತ್ತೆ ಬರೆಸಿಕೊಂಡು, ಕೊನೆಗೆ ಕ್ಷೌರಿಕನ ಹತ್ತಿರ ಹೋಗಿ ಮೀಸೆಯನ್ನೇ ಚಿತ್ರದ ಹಾಗೆ ಮಾಡಿಸಿಕೊಂಡು ಬಂದ.

ಒಂದು ದಿನ ನಾನೂ ಕೂತಿದ್ದೆ. ಅವರೇ ಬರೆದರು. ನನ್ನ ಹುಬ್ಬುಗಳ ನಡುವೆ ಒಂದು ಗಂಟು ಹಾಕಿದ್ದರು. “ನಾನಲ್ಲ ಇದು. ನಾನು ಯಾವಾಗ ಹೀಗೆ ಸಿಡುಕಿದ್ದೀನಿ?” ಎಂದು ಸಿಡುಕಿದೆ. ಅವರು ಕಾಗದ ಸುತ್ತಿ ಕಪಾಟಿನಲ್ಲಿಟ್ಟರು. ಎರಡು ವರ್ಷದ ನಂತರ, ಸಂಜೆ ಪೇರೆಂಟ್ಸ್ ಮೀಟಿಂಗ್ ಮುಗಿಸಿ ಕೈ ತೊಳೆಯುವಾಗ ಕನ್ನಡಿಯಲ್ಲಿ ಆ ಗಂಟನ್ನು ನೋಡಿದೆ. ಹೋಗಿ, “ನಾನೇ ಸರ್,” ಎಂದೆ. ಅವತ್ತು ಸಹಿ ಹಾಕಿ ಕೊಟ್ಟರು. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, “ಮುಖ ಅವರದು ಮೇಡಂ. ನಾವು ಸ್ವಲ್ಪ ಹೊತ್ತಿಗೆ ಕೇಳಿ ತಗೊಂಡಿರ್ತೀವಿ, ಅಷ್ಟೆ,” ಎಂದರು.

ಊರಾಚೆಯ ದ್ವಾರಕಾ ಬಡಾವಣೆಗೆ ಮೆಟ್ರೋ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ಚಳಿಗಾಲದಲ್ಲಿ, ಮಾನವ ಹಕ್ಕುಗಳ ಕೆಲಸ ಮಾಡುವ ಸಂಸ್ಥೆಯೊಂದು ಶಾಲಾ ಮಕ್ಕಳಿಗೆ ಚಿತ್ರಸ್ಪರ್ಧೆ ಇಟ್ಟಿತು. ಇನ್ನೊಬ್ಬರ ಹಕ್ಕಿಗಾಗಿ ನಿಂತು ನಿಮಗೆ ಸ್ಫೂರ್ತಿ ಕೊಟ್ಟವರನ್ನು ಚಿತ್ರಿಸಿ ಎಂಬುದು ವಿಷಯ. ಮೊದಲ ಬಹುಮಾನ ಬಂದ ಚಿತ್ರವನ್ನು ದೊಡ್ಡ ಪೋಸ್ಟರ್ ಮಾಡಿ ದಿಲ್ಲಿಯ ಶಾಲೆಗಳಿಗೆಲ್ಲ ಹಂಚುತ್ತೇವೆ ಎಂದಿದ್ದರು. ಪ್ರಿನ್ಸಿಪಾಲರಿಗೆ ಬಹುಮಾನದ ಆಸೆ ಹತ್ತಿತು. ಮಕ್ಕಳು ಹಾರುವ ಪಾರಿವಾಳ, ಕಡಿದ ಸಂಕೋಲೆ, ಪಠ್ಯಪುಸ್ತಕದ ಮಹನೀಯರು, ಭೂಗೋಳದ ಸುತ್ತ ಕೈಕೈ ಹಿಡಿದು ನಿಂತ ಹುಡುಗರು, ಎಲ್ಲ ಬರೆದು ತಂದರು. ಸರ್ ಒಂದೊಂದನ್ನೂ ನೋಡಿ, “ಇವರನ್ನ ನೀನು ಕಣ್ಣಾರೆ ನೋಡಿದ್ದೀಯಾ?” ಎಂದು ಕೇಳಿ ವಾಪಸ್ ಕೊಡುತ್ತ ಹೋದರು. ಪ್ರಿನ್ಸಿಪಾಲರ ಮುಖ ಸಪ್ಪಗಾಗುತ್ತ ಹೋಯಿತು.

ಚಿತ್ರ ಕಳಿಸುವ ಕೊನೆಯ ದಿನ ಸ್ಮಿತಾ ಬಂದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಮನೆ ದ್ವಾರಕಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ. ಅಪ್ಪ ಕೇಂದ್ರ ಸರ್ಕಾರದಲ್ಲಿ ದೊಡ್ಡ ಅಧಿಕಾರಿ, ನಮ್ಮ ಕಡೆಯವರೇ. ಮನೆಯಲ್ಲಿ ಕನ್ನಡ, ಬಾಯಿಗೆ ಬರುವುದು ಅರ್ಧ ಹಿಂದಿ. ಅವಳು ಬಿಚ್ಚಿದ ಚಿತ್ರ ನೋಡಲು ನಾನೂ ಹತ್ತಿರ ಹೋದೆ. ಸ್ಟೀಲಿನ ಲಿಫ್ಟ್ ಬಾಗಿಲು ಅರ್ಧ ತೆರೆದಿದೆ. ಒಬ್ಬ ಹೆಂಗಸು ಹೊರಗೆ ನಿಂತು ಬಾಗಿಲಿಗೆ ಕಾಲು ಅಡ್ಡ ಕೊಟ್ಟಿದ್ದಾಳೆ. ಒಡೆದ ಹಿಮ್ಮಡಿ, ಕಾಲುಂಗುರ, ಸವೆದ ಚಪ್ಪಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮುಖದಲ್ಲಿ ಹೆದರಿಕೆ ಇದೆ, ಆದರೆ ಕಾಲು ತೆಗೆಯುವ ಇರಾದೆಯಿಲ್ಲ. ಪಕ್ಕದ ಗೋಡೆಯ ಮೇಲೆ ಒಂದು ನೋಟಿಸು.

“ಯಾರಮ್ಮ ಇದು?” ಎಂದರು ಸರ್.

“ಫೂಲ್‌ವತಿ ದೀದಿ, ಸರ್. ನಮ್ಮ ಸೊಸೈಟೀಲಿ ಕೆಲಸಕ್ಕೆ ಬರ್ತಾರೆ.”

ಸೊಸೈಟಿಯಲ್ಲಿ ಮನೆಗೆಲಸದವರು ಲಿಫ್ಟ್ ಹತ್ತಬಾರದು ಎಂದು ನೋಟಿಸು ಹಾಕಿದ್ದರಂತೆ. ಕೆಲಸದವರಲ್ಲಿ ಒಬ್ಬಳು ತುಂಬಿದ ಬಸುರಿ. ಏಳನೇ ಮಹಡಿಗೆ ಮೆಟ್ಟಿಲು ಹತ್ತಿ ಹತ್ತಿ ಒಂದು ದಿನ ಕೆಳಗೆ ಕುಸಿದು ಕೂತಳು. ಆಗ ಫೂಲ್‌ವತಿ ಹೋಗಿ ಲಿಫ್ಟಿನ ಬಾಗಿಲಿಗೆ ಕಾಲಿಟ್ಟು ನಿಂತಳು. ಬಾಗಿಲು ಮುಚ್ಚಲು ಬರುತ್ತದೆ, ಕಾಲಿಗೆ ತಾಗಿ ತೆರೆದುಕೊಳ್ಳುತ್ತದೆ. ಮೇಲಿನ ಮಹಡಿಗಳಿಂದ ಜನ ಕೂಗುತ್ತಿದ್ದಾರೆ. ಇವಳು ಕಾಲು ತೆಗೆಯಲಿಲ್ಲ. ಒಬ್ಬೊಬ್ಬರಾಗಿ ಉಳಿದ ಕೆಲಸದವರೂ ಬಂದು ಸುತ್ತ ನಿಂತರು. ಸೊಸೈಟಿಯ ಕಮಿಟಿಯವರು ಇಳಿದು ಬರುವ ಹೊತ್ತಿಗೆ ಅಲ್ಲಿ ಯಾರ ಕಾಲೆಂದು ಕಾಣದಷ್ಟು ದೊಡ್ಡ ಗುಂಪು. ಕೊನೆಗೆ ನೋಟಿಸು ತೆಗೆದರು. ಸ್ಮಿತಾ ಅವತ್ತು ಜ್ವರ ಎಂದು ಶಾಲೆಗೆ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ನೋಡಿದ್ದಳು.

ಸರ್ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ದೂರ ಇಟ್ಟು ನೋಡಿದರು, ಹತ್ತಿರ ತಂದು ನೋಡಿದರು. ಆ ಹೊತ್ತು ಅವರ ಬಾಯಿಂದ ‘ಅಕಸ್ಮಾತ್’ ಬರಲಿಲ್ಲ. “ಸಹಿ ಹಾಕು, ಬೇಗ ಹಾಕು,” ಎಂದು ತಾವೇ ಪೆನ್ಸಿಲ್ ಕೊಟ್ಟರು. ತಾವೇ ಕಾಗದ ಸುತ್ತಿ, ಬಸ್ಸು ಹಿಡಿದು ಸಂಸ್ಥೆಯ ಆಫೀಸಿಗೆ ಹೋಗಿ ಕೊಟ್ಟು ಬಂದರು.

ಚಿತ್ರಕ್ಕೆ ಮೊದಲ ಬಹುಮಾನ ಬಂತು. ಸ್ಟಾಫ್ ರೂಮಿನಲ್ಲಿ ಸಮೋಸ, ಜಿಲೇಬಿ. ಪ್ರಿನ್ಸಿಪಾಲರು ಸರ್ ಬೆನ್ನು ತಟ್ಟಿದರು. ಪ್ರದರ್ಶನಕ್ಕೆ ತಂದೆತಾಯಿಯರನ್ನೂ ಕರೆಯುತ್ತಾರೆ, ವಾರದ ಕೊನೆಗೆ ಚಿತ್ರ ಓಖ್ಲಾದ ಪ್ರೆಸ್ಸಿಗೆ ಹೋಗುತ್ತದೆ ಎಂದು ಓದಿ ಹೇಳಿದರು. ಸರ್ ಕೈಯಲ್ಲಿ ಜಿಲೇಬಿ ಹಿಡಿದು ನಗುತ್ತ ನಿಂತಿದ್ದರು. ಇದ್ದಕ್ಕಿದ್ದ ಹಾಗೆ ನಗು ನಿಂತಿತು. ಜಿಲೇಬಿಯನ್ನು ಹಾಗೇ ತಟ್ಟೆಗಿಟ್ಟು ಸ್ಮಿತಾಳ ಕ್ಲಾಸಿಗೆ ಓಡಿದರು. ನಾನೂ ಹಿಂದೆ ಹೋದೆ.

“ಸ್ಮಿತಾ, ಆಕೆಗೆ ತೋರಿಸಿದ್ಯಾ?”

“ಯಾರಿಗೆ ಸರ್?”

“ಫೂಲ್‌ವತಿಗೆ. ಅವರು ನೋಡಿದ್ರಾ? ಹೌದು ಅಂದ್ರಾ?”

“ಇಲ್ಲ ಸರ್. ನಾನು ಮನೇಲಿ ಕೂತು ಯಾದ್ ಮಾಡ್ಕೊಂಡು ಬರೆದಿದ್ದು. ನೀವೂ ಕೇಳ್ಲಿಲ್ಲ.”

ಅವರ ಕೈ ಕಿವಿಗೆ ಹೋಯಿತು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಒಂದೇ ನಿಯಮವನ್ನು, ಚಿತ್ರ ಚೆನ್ನಾಗಿದೆ ಎಂಬ ಖುಷಿಯಲ್ಲಿ ಅವರೇ ಮರೆತಿದ್ದರು. ಆಮೇಲೆ ಸ್ಮಿತಾ ಉಳಿದದ್ದನ್ನೂ ಹೇಳಿದಳು. ಯಾರು ಮೊದಲು ಕಾಲಿಟ್ಟದ್ದೆಂದು ಕಮಿಟಿ ಇನ್ನೂ ಹುಡುಕುತ್ತಿತ್ತು. ಕೆಲಸದವರು ಯಾರೂ ಬಾಯಿ ಬಿಟ್ಟಿರಲಿಲ್ಲ. ಹೆಸರು ಸಿಕ್ಕರೆ ಅವಳ ಗೇಟ್ ಪಾಸ್ ರದ್ದು. ಪಾಸ್ ಇಲ್ಲದಿದ್ದರೆ ಸೊಸೈಟಿಯ ಒಂದು ಮನೆಗೂ ಕಾಲಿಡುವಂತಿಲ್ಲ. ಹೊಸ ವರ್ಷಕ್ಕೆ ಎಲ್ಲರ ಪಾಸೂ ಹೊಸದು, ಪ್ರತಿಯೊಂದಕ್ಕೂ ಕಮಿಟಿಯ ಸೆಕ್ರೆಟರಿಯ ಸಹಿ ಬೇಕು.

“ಸೆಕ್ರೆಟರಿ ಯಾರು?” ಎಂದು ನಾನು ಕೇಳಿದೆ.

“ಪಪ್ಪಾ,” ಎಂದಳು ಸ್ಮಿತಾ. ಆ ಪದ ಹೇಳುವಾಗಲೇ ಅವಳಿಗೂ ಅರ್ಥವಾಯಿತೆಂದು ಕಾಣುತ್ತದೆ.

ಮಾರನೆಯ ದಿನ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಸರ್ ಮತ್ತು ನಾನು ಮೆಟ್ರೋ ಹತ್ತಿದೆವು. ಎರಡು ಹೊತ್ತಿನ ಕೆಲಸದ ನಡುವೆ ಫೂಲ್‌ವತಿ ಮತ್ತು ಜೊತೆಯವರು ಸೊಸೈಟಿಯ ಹಿಂದಿನ ಪಾರ್ಕಿನಲ್ಲಿ ಬಿಸಿಲು ಕಾಯುತ್ತ ಕೂರುತ್ತಾರೆಂದು ಸ್ಮಿತಾ ಹೇಳಿದ್ದಳು. ದಾರಿಯುದ್ದಕ್ಕೂ ಸರ್ ಕೇಳುತ್ತಿದ್ದರು, “ಅಕಸ್ಮಾತ್ ಆಕೆ ಅತ್ತುಬಿಟ್ರೆ? ಅಕಸ್ಮಾತ್ ನಾವು ಹೋಗೋದನ್ನ ಯಾರಾದ್ರೂ ನೋಡಿ, ಅದರಿಂದಲೇ ಗೊತ್ತಾಗಿಬಿಟ್ರೆ?” ನನಗೆ ರೇಗಿತು. “ಸುಮ್ನಿರಿ ಸರ್, ನಂಗೂ ಹೆದರಿಕೆ ಹತ್ತಿಸ್ಬೇಡಿ,” ಎಂದೆ. ಅದು ಆಗಲೇ ಹತ್ತಿತ್ತು.

ಅವಳು ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಚಿತ್ರದಲ್ಲಿ ಕಂಡದ್ದಕ್ಕಿಂತ ಚಿಕ್ಕ ಆಳು. ಸರ್ ಹಿಂದಿಯಲ್ಲಿ ಎರಡು ಸಲ ಶುರುಮಾಡಿ ಎರಡು ಸಲವೂ ನಿಲ್ಲಿಸಿದರು. ಕೊನೆಗೆ ಚೀಲದಿಂದ ಕಾಗದ ತೆಗೆದು, ಸ್ಮಿತಾ ಬರೆದ ಚಿತ್ರವನ್ನು ನೆನಪಿನಿಂದ ಅಲ್ಲೇ ಚಾರ್ಕೋಲಿನಲ್ಲಿ ಬರೆಯತೊಡಗಿದರು. ಕಾಲು ಬಂತು, ಬಾಗಿಲು ಬಂತು. ಆಗಾಗ ತಲೆಯೆತ್ತಿ ಅವಳನ್ನು ನೋಡಿ ಮುಖ ಬರೆದರು. ಬರೆದು ಅವಳ ಕಡೆ ತಿರುಗಿಸಿ, “ಯೇ ಆಪ್ ಹೈ ಕ್ಯಾ?” ಎಂದರು.

ಫೂಲ್‌ವತಿ ಮೊದಲು ನಕ್ಕಳು. ಜೊತೆಯವರೂ ಬಗ್ಗಿ ನೋಡಿ, “ಹಾಂ, ತೂಹೀ ಹೈ!” ಎಂದು ಅವಳ ಬೆನ್ನಿಗೆ ಗುದ್ದಿದರು. ನಾನು ಸ್ಪರ್ಧೆ, ಪೋಸ್ಟರ್, ಪ್ರದರ್ಶನ ಎಲ್ಲ ಬಿಡಿಸಿ ಹೇಳಿದೆ. ಹೇಳುತ್ತ ಹೋದ ಹಾಗೆ ಅವಳ ಕೈಯಿಂದ ಕಡಲೆಕಾಯಿ ಒಂದೊಂದೇ ಜಾರಿ ಹುಲ್ಲಿಗೆ ಬಿದ್ದವು. ಸ್ಮಿತಾ ಬೇಬಿ ಒಳ್ಳೆಯ ಹುಡುಗಿ, ಒಳ್ಳೆಯದಕ್ಕೇ ಬರೆದಿದ್ದಾಳೆ, ಗೊತ್ತು ಎಂದಳು. ಆದರೆ ತನ್ನ ಮನೆ ನಡೆಯುವುದು ಈ ಗೇಟಿನೊಳಗೆ, ಗಂಡನ ಔಷಧ, ಮಗಳ ಸ್ಕೂಲು ಎಲ್ಲ ಈ ಗೇಟಿನೊಳಗಿಂದಲೇ ಬರಬೇಕು ಎಂದಳು. “ಮುಖ ಬೇಡ ಮಾಸ್ಟರ್‌ಜೀ. ಕಾಲು ಇರಲಿ. ಕಾಲು ಎಲ್ಲರಿಗೂ ಇದೆ.”

ಸರ್ ತಲೆಯಾಡಿಸಿದರು. ಆ ಕಾಗದ ಮಡಿಸಲು ಹೋದಾಗ ಅವಳು ಕೈಚಾಚಿ ಇಸಿದುಕೊಂಡಳು. ಇದು ನನ್ನದು ಎಂದು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸಿದಳು. ನಾವು ಎದ್ದಾಗ ತನ್ನ ಕಿವಿ ಮುಟ್ಟಿ ತೋರಿಸಿ, “ಮಾಸ್ಟರ್‌ಜೀ, ಕಾನ್ ಕಾಲಾ ಹೋ ಗಯಾ,” ಎಂದಳು. ಸರ್ ನಾಚಿಕೊಂಡು, ಕಿವಿಯ ಮಸಿ ಒರೆಸಲು ಕರ್ಚೀಫು ಹುಡುಕಿದರು.

ಮರುದಿನ ಶಾಲೆಯಲ್ಲಿ ಹೇಳಿದಾಗ ಸ್ಮಿತಾ ಒಪ್ಪಲಿಲ್ಲ. “ನೋಡಿದ್ದನ್ನೇ ಬರೀಬೇಕು ಅಂತ ನೀವೇ ಹೇಳಿದ್ದು ಸರ್. ಮುಖ ತೆಗೆದ್ರೆ ಅದು ಝೂಟ್ ಆಗುತ್ತೆ. ಪಪ್ಪಾಗೆ ಗೊತ್ತಾಗ್ಲಿ! ಅವರೇ ತಪ್ಪು ಮಾಡಿದ್ದು!” ಎಂದು ಕೂಗಾಡಿದಳು. ಮಾತಿನಲ್ಲಿ ಸುಳ್ಳೇನಿರಲಿಲ್ಲ.

ಸರ್ ಅವಳ ಎದುರಿಗೆ ಮಕ್ಕಳ ಸ್ಟೂಲಿನ ಮೇಲೆ ಕೂತರು. “ನೋಡೋದು ನಿನ್ನ ಹಕ್ಕು ಮಗು. ಕಾಣಿಸ್ಕೊಳ್ಳೋದು, ಬಿಡೋದು ಆಕೆಯ ಹಕ್ಕು. ತಪ್ಪು ಮಾಡಿದ್ದು ನಿಮ್ಮಪ್ಪ ಅಂತೀಯ. ಶಿಕ್ಷೆ ಆಗೋದು ಯಾರಿಗೆ ಅಂತ ಹೇಳು,” ಎಂದರು. ಸ್ಮಿತಾ ಡೆಸ್ಕಿನ ಮೇಲೆ ತಲೆಯಿಟ್ಟು ತುಂಬ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಚಲೋ ಸರ್,” ಎಂದಳು.

ಸಂಸ್ಥೆಯ ಆಫೀಸಿನಲ್ಲಿದ್ದ ತರುಣಿ ಒಳ್ಳೆಯವಳೇ. ಆದರೆ ಇಷ್ಟು ಧೈರ್ಯದ ಚಿತ್ರವನ್ನು ಹಾಳು ಮಾಡುತ್ತೀರಲ್ಲ ಎಂದು ಅವಳಿಗೆ ನಿಜವಾಗಿ ದುಃಖವಾಯಿತು. “ಸ್ಫೂರ್ತಿಯೇ ಈ ಮುಖದಲ್ಲಿದೆ. ಮುಖ ತೆಗೆದರೆ ಉಳಿಯುವುದೇನು ಸರ್?” ಎಂದಳು. “ಆಕೆಯ ಕೆಲಸ ಉಳಿಯುತ್ತೆ,” ಎಂದರು ಸರ್. ಗುಮಾಸ್ತರ ಮುಂದೆ ನಿಂತರೂ ತೊದಲುವ ಮನುಷ್ಯ, ಅವತ್ತು ಮೇಜಿನ ಅಂಚು ಹಿಡಿದುಕೊಂಡು, ಚಿತ್ರ ಕೈಗೆ ಬರುವವರೆಗೂ ಹೋಗುವುದಿಲ್ಲ ಎಂದು ನಿಂತರು. ತೀರ್ಪು ಬಂದ ಮೇಲೆ ತಿದ್ದಿದ ಚಿತ್ರಕ್ಕೆ ಬಹುಮಾನವಿಲ್ಲ, ಪೋಸ್ಟರೂ ಇಲ್ಲ, ಬೇಕಾದರೆ ಪ್ರದರ್ಶನದ ಗೋಡೆಗೆ ಹಾಕುತ್ತೇವೆ ಎಂದರು ಸಂಸ್ಥೆಯವರು. ಸರ್ ಸರಿ ಎಂದರು. ಪ್ರಿನ್ಸಿಪಾಲರು ಒಂದು ವಾರ ಅವರ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡಲಿಲ್ಲ.

ಸ್ಮಿತಾ ಕಾಲೊಂದನ್ನು ಬಿಟ್ಟು ಹೆಂಗಸನ್ನೆಲ್ಲ ಅಳಿಸಿ, ಆ ಜಾಗಕ್ಕೆ ಲಿಫ್ಟಿನ ಸ್ಟೀಲ್ ಬಾಗಿಲನ್ನು ಎಳೆದು ಬರೆದಳು. ಗೋಡೆಯ ನೋಟಿಸಿನ ಅಕ್ಷರಗಳನ್ನೂ ಅಳಿಸಿದಳು. ಈಗ ಹೆಂಗಸಿಲ್ಲ. ಮುಚ್ಚಲು ಬರುವ ಬಾಗಿಲು, ಅದರ ಸಂದಿಯಲ್ಲಿ ಒಂದು ಕಾಲು. ಎಲ್ಲ ಮುಗಿಯಿತು ಎಂದುಕೊಂಡೆ. ಸರ್ ಮಾತ್ರ, “ಅಕಸ್ಮಾತ್ ಕಾಲಿನಿಂದಲೇ ಗುರುತು ಹತ್ತಿದ್ರೆ?” ಎಂದರು.

ಪ್ರದರ್ಶನಕ್ಕೆ ಸ್ಮಿತಾಳ ಅಪ್ಪ ಆಫೀಸಿನಿಂದ ನೇರವಾಗಿ ಬಂದರು. ಎತ್ತರದ ಆಳು, ಬೂದು ಬಣ್ಣದ ಸೂಟು, ಮೃದು ಮಾತು. ಮಗಳ ಚಿತ್ರದ ಮುಂದೆ ನಿಂತರು. ನಿಂತೇ ಇದ್ದರು. ನಾನು ಮತ್ತು ಸರ್ ಒಂದು ಕಂಬದ ಪಕ್ಕ ನಿಂತು ನೋಡುತ್ತಿದ್ದೆವು. ಸರ್ ಹೊಸ ಬಿಳಿ ಶರಟು ಹಾಕಿದ್ದರು, ಕಾಲರಿಗೆ ಆಗಲೇ ಮಸಿ ಮೆತ್ತಿತ್ತು.

“ಇದು ನಮ್ಮ ಲಿಫ್ಟು,” ಎಂದರು ಅವಳ ಅಪ್ಪ ನಿಧಾನವಾಗಿ. ತಿರುಗಿ ಸರ್ ಕಡೆ ನೋಡಿ, “ಯಾರ ಕಾಲು ಸರ್ ಇದು?” ಎಂದರು.

ಸರ್ ಬಾಯಿ ತೆರೆದರು. ಸುಳ್ಳು ಹೇಳಲು ಬರುವವರಲ್ಲ. ಹೆಸರು ಎಲ್ಲಿ ಬಾಯಿಂದ ಬಿದ್ದುಹೋಗುತ್ತದೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ.

“ನಂದು ಪಪ್ಪಾ,” ಎಂದಳು ಸ್ಮಿತಾ.

ಅವರು ಚಿತ್ರದಲ್ಲಿದ್ದ ಒಡೆದ ಹಿಮ್ಮಡಿ ನೋಡಿದರು. ಮಗಳ ಪಾಲಿಶ್ ಮಾಡಿದ ಶೂ ನೋಡಿದರು. “ನೀನು ಕಾಲುಂಗುರ ಹಾಕ್ಕೊಂಡಿದ್ದು ಯಾವಾಗ?” ಎಂದರು. ದನಿ ಏರಿಸಲಿಲ್ಲ. ಸುತ್ತ ಇದ್ದವರಿಗೆ ಅದು ತಮಾಷೆಯ ಹಾಗೆ ಕೇಳಿರಬೇಕು, ಒಬ್ಬಿಬ್ಬರು ನಕ್ಕರು.

ಆಗ ಸರ್ ಮುಂದೆ ಬಂದರು. “ನಂದು ಅಂತ ತಿಳ್ಕೊಳ್ಳಿ ಸರ್. ನಾನೇ ಹೇಳಿಕೊಟ್ಟಿದ್ದು. ಏನಾದ್ರೂ ಮಾಡೋದಿದ್ರೆ ನನಗೆ ಮಾಡಿ,” ಎಂದರು. ಸ್ಮಿತಾಳ ಅಪ್ಪ ಅವರ ಮುಖವನ್ನು, ಆಮೇಲೆ ಕಿವಿಯನ್ನು ನೋಡಿದರು. “ಪಾಸ್‌ಗಳು ನನ್ನ ಟೇಬಲ್ ಮೇಲಿವೆ. ಫೋಟೋ ಇರುತ್ತೆ,” ಎಂದಷ್ಟೇ ಹೇಳಿ ಮಗಳ ಕೈ ಹಿಡಿದು ಹೊರಟುಹೋದರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ. ಚಳಿಗಾಲದ ರಜೆ ಶುರುವಾಗಿತ್ತು. ಸರ್ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ಹೊಸ ಪಾಸ್ ಜಾರಿಗೆ ಬರುವ ಸೋಮವಾರ ಬೆಳಿಗ್ಗೆ, “ಮೇಡಂ, ನಾನು ಹೋಗಿ ನೋಡ್ತೀನಿ. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ,” ಎಂದರು. ಹೋದೆ.

ಸೊಸೈಟಿಯ ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆವು. ಮಂಜು ಇತ್ತು. ಕೆಲಸದವರು ಶಾಲು ಹೊದ್ದು ಒಬ್ಬೊಬ್ಬರಾಗಿ ಬರುತ್ತಿದ್ದರು. ಗಾರ್ಡ್ ಕಟ್ಟಿನಿಂದ ಒಂದೊಂದು ಪಾಸ್ ತೆಗೆದು ಕೊಡುತ್ತಿದ್ದ, ಅವರು ಒಳಗೆ ಹೋಗುತ್ತಿದ್ದರು. ಫೂಲ್‌ವತಿ ಬಂದಳು. ಗಾರ್ಡ್ ಕಟ್ಟನ್ನು ಒಂದು ಸಲ ನೋಡಿದ, ಮತ್ತೊಂದು ಸಲ ನೋಡಿದ, ತಲೆಯಾಡಿಸಿದ. ಅವಳು ಪಕ್ಕಕ್ಕೆ ಸರಿದು ನಿಂತಳು. ಹಿಂದಿನವರು ಒಳಗೆ ಹೋದರು. ಅವಳು ನಿಂತೇ ಇದ್ದಳು. ಸರ್ ಕಿವಿ ಉಜ್ಜುವುದನ್ನೂ ಬಿಟ್ಟು ನನ್ನ ಶಾಲಿನ ಅಂಚು ಹಿಡಿದುಕೊಂಡರು, ಚಿಕ್ಕ ಮಕ್ಕಳ ಹಾಗೆ. “ನ‌ನ್ನಿಂದ ಆಯ್ತು ಮೇಡಂ. ನಾನು ಕೇಳ್ಬೇಕಾಗಿತ್ತು,” ಎಂದರು.

ತುಂಬ ಹೊತ್ತಾದ ಮೇಲೆ ಒಳಗಿನಿಂದ ಸೆಕ್ರೆಟರಿಯ ಕಾರು ಬಂತು. ಗೇಟಿನ ಹತ್ತಿರ ನಿಂತಿತು. ಕಿಟಕಿಯ ಗಾಜು ಇಳಿಯಿತು, ಒಂದು ಕೈ ಹೊರಗೆ ಬಂದು ಏನನ್ನೋ ಚಾಚಿತು. ಫೂಲ್‌ವತಿ ತೆಗೆದುಕೊಂಡಳು. ಕಾರು ಮುಂದೆ ಹೋಯಿತು. ಅವಳು ಕೈಯಲ್ಲಿದ್ದ ಪಾಸನ್ನು ಗಾರ್ಡಿಗೆ ತೋರಿಸಿ ಒಳಗೆ ಹೋದಳು.

ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ನಾವು ನಿಂತದ್ದನ್ನು ಯಾವಾಗ ಕಂಡಿದ್ದಳೋ. ರಸ್ತೆಯ ಆ ಕಡೆಯಿಂದ ನಗುತ್ತ ತನ್ನ ಕಿವಿಯ ತುದಿಯನ್ನು ಮುಟ್ಟಿ ತೋರಿಸಿದಳು. ಸರ್ ಗಡಬಡಿಸಿ ಕರ್ಚೀಫು ತೆಗೆದು ಕಿವಿ ಒರೆಸಿಕೊಂಡರು. “ಹೋಯ್ತಾ ಮೇಡಂ?” ಎಂದರು. ಹೋಗಿರಲಿಲ್ಲ. “ಹೋಯ್ತು ಸರ್,” ಎಂದೆ.

ಆಮೇಲೆ ಪ್ರತಿ ವರ್ಷ ಹೊಸ ಪಾಸಿನ ದಿನ ಅವರು ಆ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದರು. ನಿವೃತ್ತರಾದ ಮೇಲೂ ಹೋದರು. ಸೆಕ್ರೆಟರಿ ಅವತ್ತು ಯಾಕೆ ಮನಸ್ಸು ಬದಲಾಯಿಸಿದರು ಎಂದು ಅವರಿಗೆ ಕೊನೆವರೆಗೂ ತಿಳಿಯಲಿಲ್ಲ. ಕಾರಣ ತಿಳಿಯದ ಒಳ್ಳೆಯದನ್ನು ನಂಬುವ ಮನುಷ್ಯ ಅವರಲ್ಲ.

ಅದನ್ನೇ ಸ್ಮಿತಾ ನನಗೆ ಫೋನಿನಲ್ಲಿ ಹೇಳಿದ್ದು. ಪಾಸ್‌ಗಳಿಗೆ ಸಹಿ ಹಾಕುವಾಗ ಅವಳಪ್ಪ ಫೂಲ್‌ವತಿಯ ಫೋಟೋ ತೋರಿಸಿ, “ಇವಳೇನಾ?” ಎಂದು ಕೇಳಿದರಂತೆ. ಸ್ಮಿತಾ ಹೌದೆನ್ನಲಿಲ್ಲ. ಆದರೆ ಅವಳ ಮುಖ ನೋಡಿ ಅವರಿಗೆ ತಿಳಿಯಿತು. ಆ ಒಂದು ಪಾಸನ್ನು ಸಹಿ ಹಾಕದೆ ಜೇಬಿಗೆ ಹಾಕಿಕೊಂಡರು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟು ಲಿಫ್ಟಿನೊಳಗೆ ಹೋದರು.

“ನಾನು ಹಿಂದೇನೇ ಓಡಿದೆ ಮ್ಯಾಮ್. ಚಪ್ಪಲಿನೂ ಹಾಕ್ಕೊಂಡಿರ್ಲಿಲ್ಲ. ಬಾಗಿಲಿಗೆ ಕಾಲಿಟ್ಟುಬಿಟ್ಟೆ. ಪಪ್ಪಾ ಒಳಗೆ, ನಾನು ಹೊರಗೆ. ಲೇಟ್ ಆಗುತ್ತೆ, ಕಾಲು ತೆಗಿ ಅಂದ್ರು. ಸೈನ್ ಮಾಡಿ ಅಂದೆ. ಬಾಗಿಲು ಬಂದು ಬಂದು ತಾಗ್ತಿತ್ತು. ಮೇಲಿಂದ ಎಲ್ಲ ಕೂಗ್ತಿದ್ರು. ಕೊನೆಗೆ ಪೆನ್ ತೆಗೆದ್ರು.”

“ಇದನ್ನ ಸರ್‌ಗೆ ಯಾಕೆ ಹೇಳ್ಲಿಲ್ಲ ಮಗು? ಎಷ್ಟು ಖುಷಿ ಪಡ್ತಿದ್ರು!”

“ಹೇಳ್ಬೇಕು ಅಂತ ಎಷ್ಟು ಸಲ ಹೋದೆ ಮ್ಯಾಮ್. ಆದ್ರೆ ಸರ್ ಹೆದರ್ಕೊಂಡ್ಬಿಡ್ತಾರೆ ಅನ್ಸೋದು. ‘ಅಕಸ್ಮಾತ್ ನಿನ್ನ ಕಾಲು ಸಿಕ್ಕಿಹಾಕ್ಕೊಂಡಿದ್ರೆ?’ ಅಂತಾರೆ ಅಂತ,” ಎಂದಳು.

ಖಂಡಿತ ಅನ್ನುತ್ತಿದ್ದರು. ಕಿವಿ ಉಜ್ಜಿಕೊಳ್ಳುತ್ತ, ಎಲ್ಲಿ ಕಾಲು ತೋರಿಸು ಎನ್ನುತ್ತಿದ್ದರು.